ಬರೆದದ್ದು ಯಾರ ಸೊತ್ತು?

ಹಣ ತೆತ್ತು ಮೈಕ್ರೋಸಾಫ್ಟ್ ವರ್ಡನ್ನೇ ಬಳಸುವುದೋ, ಕಾಸಿಲ್ಲದೆ ದೊರೆಯುವ ಲಿಬ್ರೆಆಫೀಸ್ ರೈಟರನ್ನು ನೆಚ್ಚುವುದೋ ಎಂಬ ಪ್ರಶ್ನೆಯು ಶಾಲೆ, ಗ್ರಂಥಾಲಯ, ಸಣ್ಣ ಮುದ್ರಣಾಲಯಗಳವರಿಗೆ ಒಂದಲ್ಲ ಒಂದು ದಿನ ಎದುರಾಗದೆ ಇರದು. ಬೆಲೆಯೊಂದನ್ನೇ ನೋಡಿ ಇದನ್ನು ತೀರ್ಮಾನಿಸಲಾಗದು. ಬರೆದದ್ದು ಬರೆದವನ ಕೈಯಲ್ಲಿ ಎಷ್ಟು ಕಾಲ ಉಳಿದೀತೆಂಬುದನ್ನು ಮೊದಲು ವಿಚಾರಿಸತಕ್ಕದ್ದು.

ರೈಟರ್ ನಿನ್ನೆಮೊನ್ನೆಯದಲ್ಲ. ಜರ್ಮನಿಯಲ್ಲಿ 1985ರ ಸುಮಾರಿಗೆ ಹುಟ್ಟಿದ ಸ್ಟಾರ್‌ರೈಟರ್ ಇದರ ಮೂಲ. ಅದನ್ನು ರಚಿಸಿದ ಸಂಸ್ಥೆಯನ್ನು 1999ರಲ್ಲಿ ಕೊಂಡ ಸನ್ ಮೈಕ್ರೋಸಿಸ್ಟಮ್ಸ್ ಮರುವರ್ಷವೇ ಮೂಲಸಂಕೇತವನ್ನು ಲೋಕಕ್ಕೆ ತೆರೆದಿಟ್ಟಿತು. 2010ರಲ್ಲಿ ಸನ್ ಸಂಸ್ಥೆಯೇ ಒರಾಕಲ್‌ನ ವಶವಾದಾಗ, ತಂತ್ರಾಂಶವನ್ನು ಬೆಳೆಸುತ್ತಿದ್ದವರಲ್ಲಿ ಅನೇಕರು ಬೇರೆಯಾಗಿ ನಿಂತು, ಡಾಕ್ಯುಮೆಂಟ್ ಫೌಂಡೇಷನ್ ಎಂಬ ಪ್ರತಿಷ್ಠಾನವನ್ನು ಕಟ್ಟಿ, ಲಿಬ್ರೆಆಫೀಸ್ ಎಂಬ ಹೆಸರಿನಿಂದ ಕಾರ್ಯವನ್ನು ಮುಂದುವರಿಸಿದರು. ಒಡೆಯರು ಬದಲಾದರೂ ಕೃತಿ ಅಳಿಯಲಿಲ್ಲ. ಮೂಲಸಂಕೇತವು ಸರ್ವರಿಗೂ ತೆರೆದಿದ್ದುದೇ ಅದಕ್ಕೆ ಕಾರಣ.

ಹೀಗೆ ತೆರೆದಿಡುವುದರ ಮಹತ್ತ್ವ ಕನ್ನಡಿಗರಿಗೆ ಬೇಗನೆ ಹೊಳೆಯಬೇಕು. ಯೂನಿಕೋಡ್ ರೂಢಿಗೆ ಬರುವ ಮುನ್ನ ಟೈಪು ಮಾಡಿಟ್ಟ ಎಷ್ಟೋ ಕಡತಗಳನ್ನು, ಆ ಹಳೆಯ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ, ಕನ್ನಡಕ್ಕೆ ಬದಲಾಗಿ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ನಿರರ್ಥಕ ಸಾಲುಗಳೇ ಕಾಣುತ್ತವೆ. ರೈಟರಿನ ಒಡಿಟಿ ಕಡತವಾದರೋ 2006ರಲ್ಲಿ ಐಎಸ್ಒ ಮಾನ್ಯತೆ ಪಡೆದ ಬಹಿರಂಗ ವಿನ್ಯಾಸದ್ದು. ಯೂನಿಕೋಡ್‌ನಲ್ಲಿ ಬರೆದ ಅಂಥ ಕಡತವನ್ನು ಜಿಪ್ ಎಂದು ಹೆಸರು ಬದಲಿಸಿ ಬಿಚ್ಚಿದರೆ, ಒಳಗಿನ 'ಕಂಟೆಂಟ್' ಎಂಬ ಕಡತದಲ್ಲಿ ನಮ್ಮ ವಾಕ್ಯಗಳು ಒತ್ತಕ್ಷರಸಹಿತವಾಗಿ, ನೋಟ್‌ಪ್ಯಾಡಿನಲ್ಲಿಯೂ ಓದುವಂತೆ ದೊರೆಯುತ್ತವೆ. ವರ್ಡಿನ ಈಗಿನ ಡಾಕ್ಸ್ ಕಡತವೂ ಹೀಗೆಯೇ ಬಿಚ್ಚಿಕೊಳ್ಳುವುದೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಆದರೆ ಅದು ಹಳೆಯ ವರ್ಡುಗಳ ನಡವಳಿಕೆಯನ್ನೆಲ್ಲ ಹೊತ್ತುತಂದಿರುವುದರಿಂದ, ಅನ್ಯರು ಅದನ್ನು ಯಥಾವತ್ತಾಗಿ ತೋರಿಸುವುದು ಕಷ್ಟ.

ತೊಡಕುಗಳೂ ಇಲ್ಲದಿಲ್ಲ. ವಿಂಡೋಸ್‌ನ ತುಂಗಾ, ನಿರ್ಮಲಾ ಫಾಂಟುಗಳು ಲಿನಕ್ಸ್ ಯಂತ್ರದಲ್ಲಿ ಇಲ್ಲದಿರುವುದರಿಂದ, ಬೇರೊಂದು ಫಾಂಟು ಆ ಸ್ಥಾನಕ್ಕೆ ಬಂದು, ಸಾಲು ಜರುಗಿ ಪುಟವೇ ಮುಂದಕ್ಕೆ ಹೋಗುವುದುಂಟು. ವರ್ಡಿಗೆಂದು ಬರೆದ ಮ್ಯಾಕ್ರೋಗಳು ಎಲ್ಲವೂ ರೈಟರಿನಲ್ಲಿ ನಡೆಯವು. ದಿನಬೆಳಗಾದರೆ ಡಾಕ್ಸ್ ಕಡತಗಳನ್ನೇ ತಿದ್ದಿ ಮರಳಿಸಬೇಕಾದ ಕಚೇರಿಗೆ ವರ್ಡೇ ಲೇಸು. ಕಾದಂಬರಿಯನ್ನೋ ಸಂಶೋಧನ ಪ್ರಬಂಧವನ್ನೋ ಬರೆಯುವವರಿಗೆ, ಅಡಿಟಿಪ್ಪಣಿ, ಪರಿವಿಡಿ, ಪಿಡಿಎಫ್ ಎಲ್ಲವನ್ನೂ ಒದಗಿಸುವ ರೈಟರ್ ಧಾರಾಳವಾಗಿ ಸಾಕೆಂದು ನನ್ನ ದೃಢವಾದ ಅಭಿಪ್ರಾಯ.

ಬದಲಿಸಬಯಸುವವರು ಖಾಲಿ ಪುಟದಲ್ಲಿ ನಾಲ್ಕು ಸಾಲು ಬರೆದು ನೋಡಿದರೆ ಪ್ರಯೋಜನವಿಲ್ಲ. ತಮ್ಮಲ್ಲಿರುವ ಅತ್ಯಂತ ಜಟಿಲವಾದ ಕಡತವನ್ನು, ಕೋಷ್ಟಕವೂ ಅರ್ಕಾವೊತ್ತೂ ಅಡಿಟಿಪ್ಪಣಿಯೂ ತುಂಬಿದುದನ್ನು, ರೈಟರಿನಲ್ಲಿ ತೆರೆದು, ಪಿಡಿಎಫ್ ಮಾಡಿ, ವರ್ಡಿನ ಪ್ರತಿಯೊಡನೆ ಪುಟಪುಟವಾಗಿ ಹೋಲಿಸಿ ನೋಡಲಿ.