ಮುದ್ರೆಯೊಡನೆ ಅಂಕಿಯನ್ನೂ ಓದಿರಿ

ವಿದ್ಯುಚ್ಛಕ್ತಿಯು ಕಣ್ಣಿಗೆ ಕಾಣತಕ್ಕ ವಸ್ತುವಲ್ಲ. ಅಕ್ಕಿಬೇಳೆಗಳನ್ನು ಅಂಗೈಯಲ್ಲಿ ಹಿಡಿದು ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಹೇಳಬಲ್ಲ ನಮ್ಮ ಹೋಟೆಲು ಬಂಧುಗಳಿಗೂ, ನೀರು ಕಾಯಿಸುವ ಹೀಟರಿನ ಒಳಗೇನಿದೆಯೆಂಬುದು ಹೊರಗಿನಿಂದ ತಿಳಿಯದು. ಕೊಳ್ಳುವವನು ಪರೀಕ್ಷಿಸಲಾರದ ಪದಾರ್ಥವನ್ನು ಅವನ ಪರವಾಗಿ ಇನ್ನೊಬ್ಬರು ಪರೀಕ್ಷಿಸಬೇಕಾಗುತ್ತದೆ. ಆ ಪರೀಕ್ಷೆಯ ಗುರುತೇ ಐ.ಎಸ್.ಐ. ಮುದ್ರೆ.

ದೇಶವು ಸ್ವತಂತ್ರವಾದ 1947ರಲ್ಲಿಯೇ ಭಾರತೀಯ ಮಾನಕ ಸಂಸ್ಥೆಯು ಸ್ಥಾಪಿತವಾಯಿತು. 1952ರ ಶಾಸನವು ಮುದ್ರೆ ನೀಡುವ ಅಧಿಕಾರವನ್ನು ಅದಕ್ಕೆ ಒದಗಿಸಿತು. 1987ರಲ್ಲಿ ಅದರ ಸ್ಥಾನಕ್ಕೆ ಭಾರತೀಯ ಮಾನಕ ಬ್ಯೂರೋ ಬಂದರೂ ಹಳೆಯ ಮೂರು ಅಕ್ಷರಗಳು ಮುದ್ರೆಯಲ್ಲಿ ಉಳಿದುಕೊಂಡಿವೆ. ತಂತಿ, ಸ್ವಿಚ್ಚು, ಇಸ್ತ್ರಿಪೆಟ್ಟಿಗೆ, ಹೀಟರು ಮೊದಲಾದವುಗಳಿಗೆ 2003ರ ಆಜ್ಞೆಯು ಈ ಮುದ್ರೆಯನ್ನು ಕಡ್ಡಾಯಗೊಳಿಸಿತು.

ಈ ನಿರ್ಬಂಧವೇತಕ್ಕೆ? ಬಕೆಟ್ಟಿನಲ್ಲಿ ಮುಳುಗಿಸುವ ಹೀಟರಿನ ಲೋಹದ ಕೊಳವೆಯೊಳಗೆ ಕಾಯುವ ತಂತಿಯಿದೆ. ತಂತಿಗೂ ಕೊಳವೆಗೂ ನಡುವೆ ಮೆಗ್ನೀಷಿಯಂ ಆಕ್ಸೈಡ್ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಅದು ಶಾಖವನ್ನು ಹೊರಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಕೊಳವೆಯ ಬಾಯಿಯ ಬಿಗಿ ಸಡಿಲವಾದರೆ ತೇವವು ಒಳಗಿಳಿದು ಆ ತಡೆಯು ಕೆಡುವುದು. ಆಗ ಬಕೆಟ್ಟಿನ ನೀರೇ ಮೃತ್ಯುವಾಗಬಲ್ಲದು. ನಾಲ್ಕೈದು ಮಂದಿ ಒಂದೇ ಕೋಣೆಯಲ್ಲಿದ್ದು, ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ಸ್ನಾನಕ್ಕೆ ಅವಸರಪಡುವ ನಮ್ಮವರಿಗೆ ಇದು ದೂರದ ಮಾತಲ್ಲ. ಪರೀಕ್ಷಾಲಯದಲ್ಲಿ ಇಂತಹ ಸೋರಿಕೆಯನ್ನೇ ಅಳೆಯುತ್ತಾರೆ. ಹೆಚ್ಚಿನ ವೋಲ್ಟೇಜನ್ನು ಹಾಯಿಸಿ ತಡೆಯು ನಿಲ್ಲುವುದೋ ಇಲ್ಲವೋ ಎಂದು ನೋಡುತ್ತಾರೆ.

ಆದರೆ ಮುದ್ರೆಯ ಚಿತ್ರವನ್ನು ಯಾರು ಬೇಕಾದರೂ ಅಚ್ಚುಹಾಕಬಲ್ಲರು. ಆದುದರಿಂದ ವಾಚಕರು ಅಂಕಿಗಳನ್ನು ಓದತಕ್ಕದ್ದು. ಮುದ್ರೆಯ ಮೇಲ್ಗಡೆ ‘ಐ.ಎಸ್.’ ಎಂದಾರಂಭವಾಗುವ ಮಾನಕದ ಸಂಖ್ಯೆಯಿರಬೇಕು: ಮುಳುಗಿಸುವ ಹೀಟರಿಗೆ 368, ಪಿ.ವಿ.ಸಿ. ಹೊದಿಕೆಯ ತಂತಿಗೆ 694, ಪ್ಲಗ್ಗಿಗೆ 1293. ಕೆಳಗಡೆ ‘ಸಿ.ಎಂ./ಎಲ್.’ ಎಂದಾರಂಭವಾಗುವ ಪರವಾನಗಿಯ ಸಂಖ್ಯೆಯಿರಬೇಕು. ಈ ಎರಡನೆಯದನ್ನು ಬ್ಯೂರೋದ ‘ಬಿ.ಐ.ಎಸ್. ಕೇರ್’ ಎಂಬ ಮೊಬೈಲ್ ಆ್ಯಪಿನಲ್ಲಿ ಬರೆದರೆ, ಪರವಾನಗಿ ಯಾರದು, ಯಾವ ಸಾಮಗ್ರಿಗೆ, ಈಗಲೂ ಊರ್ಜಿತವೇ ಎಂಬುದು ತಿಳಿಯುತ್ತದೆ. ಮುಂಬಯಿಯ ಲೋಹಾರ್ ಚಾಳದಲ್ಲಾಗಲಿ, ದಿಲ್ಲಿಯ ಭಗೀರಥ ಪ್ಯಾಲೇಸಿನಲ್ಲಾಗಲಿ, ಹಣ ಕೊಡುವ ಮೊದಲು ಇಷ್ಟು ಮಾಡಲು ನಾಚಬೇಕಾಗಿಲ್ಲ.

ಬೇರೆ ಗುರುತುಗಳೂ ಉಂಟು. ಚಾರ್ಜರು, ಪವರ್ ಬ್ಯಾಂಕು ಮುಂತಾದವುಗಳ ಮೇಲೆ ‘ಆರ್’ ಅಕ್ಷರದಿಂದ ಮೊದಲಾಗುವ ನೋಂದಣಿ ಸಂಖ್ಯೆಯಿರುತ್ತದೆ. ಈ ಪದ್ಧತಿ 2012ರ ಆಜ್ಞೆಯಿಂದ ಬಂದುದು. ನಕ್ಷತ್ರಗಳ ಚೀಟಿಯು ವಿದ್ಯುತ್ತಿನ ಮಿತವ್ಯಯವನ್ನು ಹೇಳುವುದೇ ಹೊರತು ಸುರಕ್ಷಿತತೆಯನ್ನಲ್ಲ. ‘ಸಿ.ಇ.’ ಎಂಬುದು ಯುರೋಪಿನ ಪೇಟೆಗಾಗಿ ಬಹುಮಟ್ಟಿಗೆ ತಯಾರಕನೇ ಮಾಡಿಕೊಳ್ಳುವ ಘೋಷಣೆ. ನಮ್ಮ ಮುದ್ರೆಗೆ ಅದು ಬದಲಿಯಲ್ಲ.

ಇನ್ನೊಂದು ಅಪಾಯವು ಬಳಸುವವನಿಗಿಂತ ಹೆಚ್ಚಾಗಿ, ಹಾಳಾದ ಯಂತ್ರವನ್ನು ಒಡೆಯುವ ಬಡ ಕೂಲಿಯವನನ್ನು ತಟ್ಟುತ್ತದೆ. ಸೀಸ, ಪಾದರಸ, ಕ್ಯಾಡ್ಮಿಯಂ ಮುಂತಾದ ಆರು ವಿಷಪದಾರ್ಥಗಳಿಗೆ ಯುರೋಪು 2006ರ ಜುಲೈ 1ರಿಂದ ಮಿತಿ ಹಾಕಿತು: ಕ್ಯಾಡ್ಮಿಯಂ ನೂರಕ್ಕೆ 0.01 ಭಾಗ, ಉಳಿದವು 0.1 ಭಾಗ. ಇವೇ ಮಿತಿಗಳು ನಮ್ಮ ದೇಶದ 2011ರ ಇ-ತ್ಯಾಜ್ಯ ನಿಯಮಗಳಲ್ಲಿಯೂ ಸೇರಿದವು. ಹಳೆಯ ಸಾಮಾನನ್ನು ಗುಜರಿಗೆ ಹಾಕದೆ ಅಧಿಕೃತ ಸಂಗ್ರಹ ಕೇಂದ್ರಕ್ಕೆ ಒಪ್ಪಿಸುವುದು ಆ ಕೂಲಿಯವನಿಗೆ ನಾವು ಮಾಡಬಹುದಾದ ಉಪಕಾರ.

ಕೊನೆಯದಾಗಿ, ಮುದ್ರೆಯು ಸಾಮಗ್ರಿಗೆ ಸಾಕ್ಷಿಯೇ ಹೊರತು ಕೋಣೆಯ ವಯರಿಂಗಿಗಲ್ಲ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಉದ್ದವೂ ದಪ್ಪವೂ ಆದ ಪಿನ್ನು, ಸೋರಿದ ವಿದ್ಯುತ್ತನ್ನು ನೆಲಕ್ಕೊಯ್ಯುವ ದಾರಿ. ಎಲ್ಲಕ್ಕೂ ಮೊದಲು ತಗುಲಲೆಂದೇ ಅದು ಉದ್ದವಾಗಿದೆ. ಅದನ್ನು ಕತ್ತರಿಸಿದರೆ, ಅಥವಾ ಗೋಡೆಯಲ್ಲಿ ಅರ್ಥಿಂಗ್ ತಂತಿಯೇ ಇಲ್ಲದಿದ್ದರೆ, ಎಷ್ಟು ಒಳ್ಳೆಯ ಹೀಟರಾದರೂ ಅಪಾಯವೇ. ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಕಿತ್ತ ಹೊರತು ನೀರಿಗೆ ಕೈ ಹಾಕಕೂಡದು.

ರಜೆಯಲ್ಲಿ ಊರಿಗೆ ಹೋಗುವಾಗ ಮನೆಗೆಂದು ಹೀಟರನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಕೊಂಡೊಯ್ಯುವ ಬಂಧುಗಳು ಅನೇಕರಿದ್ದಾರೆ. ಅಗ್ಗಕ್ಕೆ ಆಸೆಪಟ್ಟು ಅಪಾಯವನ್ನು ತಾಯಿಯ ಕೈಗೆ ಕೊಡುವುದಾಗಬಾರದು. ಎರಡು ಅಂಕಿಗಳನ್ನು ಓದಲು ಬೇಕಾದ ಕಾಲ ಒಂದೇ ನಿಮಿಷ.