ದುಂಡು ಪೈಪನ್ನು ನಂಬಬೇಡಿ

ಕಂಪ್ಯೂಟರಿನಲ್ಲಿ ನಾವು ಬರೆಯುವ ಪೈಪು ಪೂರ್ತಿ ದುಂಡಗಿರುತ್ತದೆ. ಕಾರ್ಖಾನೆಯಿಂದ ಬರುವ ಪೈಪು ಹಾಗಿರುವುದಿಲ್ಲ. ಸಮುದ್ರದ ತಳಕ್ಕೆ ಇಳಿಯುವ ಪೈಪಿಗೆ ಇದು ಸಣ್ಣ ವಿಷಯವಲ್ಲ.

1,000 ಮೀಟರ್ ಆಳದಲ್ಲಿ ನೀರಿನ ಒತ್ತಡ ಸುಮಾರು 100 ಬಾರ್. ಪರಿಪೂರ್ಣ ವೃತ್ತವನ್ನು ಅದು ಎಲ್ಲ ಕಡೆಯಿಂದ ಸಮನಾಗಿ ಒತ್ತುತ್ತದೆ. ಗೋಡೆ ಬಾಗಲು ನೆಪವೇ ಸಿಗುವುದಿಲ್ಲ. ಹಾಗಾಗಿ ಫೈನೈಟ್ ಎಲಿಮೆಂಟ್ ಮಾಡೆಲ್ ಪೈಪಿಗೆ ಇಲ್ಲದ ಬಲವನ್ನು ತೋರಿಸುತ್ತದೆ. ನಿಜದ ಪೈಪು ಕೊಂಚ ಮೊಟ್ಟೆಯಾಕಾರ. ಒತ್ತಡ ಏರಿದಂತೆ ಚಪ್ಪಟೆ ಭಾಗ ಇನ್ನಷ್ಟು ಚಪ್ಪಟೆಯಾಗಿ, ಕೊನೆಗೆ ಒಮ್ಮೆಲೇ ಅಪ್ಪಚ್ಚಿ!

ಏನು ಮಾಡಬೇಕು? ಮೊದಲು ಬಕ್ಲಿಂಗ್ ವಿಶ್ಲೇಷಣೆ ಮಾಡಿ, ಪೈಪು ಕುಸಿಯುವ ಆಕಾರ ತಿಳಿದುಕೊಳ್ಳಿ. ಆ ಆಕಾರವನ್ನು ಚಿಕ್ಕದು ಮಾಡಿ ಮೆಶ್‌ನ ನೋಡ್‌ಗಳಿಗೆ ಸೇರಿಸಿ. ಆಮೇಲೆ ನಾನ್‌ಲೀನಿಯರ್ ಲೆಕ್ಕ ಓಡಿಸಿ.

ಎಷ್ಟು ಚಿಕ್ಕದು? ಇಲ್ಲಿ ಅಂದಾಜು ಹೊಡೆಯಲೇಬಾರದು. ಸಮುದ್ರತಳದ ಪೈಪುಗಳಿಗಿರುವ ಡಿಎನ್‌ವಿ ಮಾನದಂಡದ ಕುಸಿತದ ಸೂತ್ರದಲ್ಲಿ ಅಂಡಾಕಾರವನ್ನು ಶೇ. 0.5ಕ್ಕಿಂತ ಕಡಿಮೆ ಹಿಡಿಯುವಂತಿಲ್ಲ. ಅಂದರೆ 500 ಮಿ.ಮೀ. ವ್ಯಾಸದ ಪೈಪಿಗೆ, ಅತಿ ದೊಡ್ಡ ಮತ್ತು ಅತಿ ಚಿಕ್ಕ ವ್ಯಾಸದ ನಡುವಿನ ವ್ಯತ್ಯಾಸ 2.5 ಮಿ.ಮೀ. ಈ ವ್ಯತ್ಯಾಸ ನಾಲ್ಕು ಬದಿಗೆ ಹಂಚಿಹೋಗುತ್ತದೆ. ಆದ್ದರಿಂದ ನೋಡ್ ಸರಿಯಬೇಕಾದದ್ದು 0.625 ಮಿ.ಮೀ. ಮಾತ್ರ. ಪೈಪನ್ನು ಅಳೆದಾಗ ಅಂಡಾಕಾರ ಶೇ. 0.5ಕ್ಕಿಂತ ಹೆಚ್ಚು ಬಂದರೆ, ಆ ಅಂಕಿಯಿಂದಲೇ ಲೆಕ್ಕ ಹಾಕಿ.