ಮುಖಭಾವವೂ ಮರಣದಂಡನೆಯೂ

ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಪ್ಯಾಲೆಸ್ಟೈನ್ ಎಂಬುದೊಂದು ಪಟ್ಟಣವುಂಟು. 2002ನೆಯ ಇಸವಿ ಜನವರಿ 31ರಂದು ರಾಬರ್ಟ್ ರಾಬರ್ಸನ್ ಎಂಬಾತನು ಎರಡು ವರ್ಷದ ತನ್ನ ಮಗಳನ್ನು ಅಲ್ಲಿಯ ಆಸ್ಪತ್ರೆಗೆ ತಂದನು. ನೀಲಿಗಟ್ಟಿ ಪ್ರಜ್ಞೆ ತಪ್ಪಿದ್ದ ಆ ಮಗು ಉಳಿಯಲಿಲ್ಲ. ತಂದೆಯು ಗೋಳಾಡಲಿಲ್ಲವೆಂಬುದನ್ನು ದಾದಿಯರು ಕಂಡರು; ಪೊಲೀಸರೂ ಕಂಡರು. ಮಗುವನ್ನು ಬಲವಾಗಿ ಅಲುಗಾಡಿಸಿದ್ದೇ ಸಾವಿಗೆ ಕಾರಣವೆಂದು ವೈದ್ಯರು ನುಡಿದರು. 2003ರಲ್ಲಿ ಆತನಿಗೆ ಮರಣದಂಡನೆ ವಿಧಿಸಲ್ಪಟ್ಟಿತು.

ಆತನಿಗೆ ಆಟಿಸಂ, ಎಂದರೆ ಸ್ವಲೀನತೆ ಇದೆಯೆಂದು ತಜ್ಞರು ಗುರುತಿಸಿದ್ದು 2018ರಲ್ಲಿ! ಅಷ್ಟರಲ್ಲಿ ಹದಿನೈದು ವರ್ಷಗಳು ಸೆರೆಯಲ್ಲಿ ಸಂದಿದ್ದುವು. ಮೊಕದ್ದಮೆಯ ತನಿಖೆಯನ್ನು ನಡೆಸಿದ ಬ್ರಯನ್ ವಾರ್ಟನ್ ಎಂಬ ಅಧಿಕಾರಿಯು ಮುಂದೆ ಪೊಲೀಸ್ ಕೆಲಸವನ್ನು ಬಿಟ್ಟು ಪಾದ್ರಿಯಾದನು. ರಾಬರ್ಸನ್ ನಿರಪರಾಧಿಯೆಂದು ಈಗ ಆತನೇ ಬಹಿರಂಗವಾಗಿ ಸಾರಿದ್ದಾನೆ. 2024ರ ಅಕ್ಟೋಬರ್ 17ರಂದು ನಡೆಯಬೇಕಾಗಿದ್ದ ವಧೆಯು, ಶಾಸನಸಭೆಯ ಸಮಿತಿಯೊಂದು ಆತನನ್ನೇ ಸಾಕ್ಷಿಯಾಗಿ ಕರೆದುದರಿಂದ ಕಡೆಯ ಗಳಿಗೆಯಲ್ಲಿ ನಿಂತಿತು. ಮರುವರ್ಷ ಮತ್ತೆ ದಿನವನ್ನು ಗೊತ್ತುಮಾಡಲಾಯಿತು. ಅದಕ್ಕೆ ಒಂದು ವಾರ ಮುಂಚೆ, ಅಕ್ಟೋಬರ್ 9ರಂದು, ಅಲ್ಲಿಯ ಅತ್ಯುಚ್ಚ ಕ್ರಿಮಿನಲ್ ನ್ಯಾಯಸ್ಥಾನವು ತಡೆಯಾಜ್ಞೆಯಿತ್ತು ವಿಷಯವನ್ನು ಕೆಳಗಿನ ಕೋರ್ಟಿಗೆ ಕಳುಹಿಸಿತು.

ಮಗುವಿನ ಸಾವಿನ ನಿಜವಾದ ಕಾರಣವನ್ನು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಅಳದ ತಂದೆಯನ್ನು ಕಂಡೊಡನೆ ಕೊಲೆಗಾರನೆಂದು ಬಗೆಯುವ ಅಭ್ಯಾಸವೇ ನಮ್ಮ ವಿಚಾರಕ್ಕೆ ವಿಷಯ. ಸ್ವಲೀನರಾದ ಅನೇಕರ ಮುಖದಲ್ಲಿ ಒಳಗಿನ ಸಂಕಟವು ನಾವು ನಿರೀಕ್ಷಿಸುವ ರೀತಿಯಲ್ಲಿ ತೋರದು. ಕಣ್ಣಿಗೆ ಕಣ್ಣು ಕೊಟ್ಟು ಮಾತನಾಡುವುದು ಕೆಲವರಿಗೆ ಯಾತನೆ. ಗದ್ದಲ, ಗದರಿಕೆ, ಮೈಮೇಲೆ ಬಿದ್ದ ಕೈ ಇವು ಸಹಿಸಲಸಾಧ್ಯ. ಠಾಣೆಯಲ್ಲಿ ಇವುಗಳ ಹೊರತು ಮತ್ತೇನಿರುತ್ತದೆ?

ಇನ್ನು ಕೆಲವರು ಕೇಳಿದ ಮಾತನ್ನೇ ಮರಳಿ ನುಡಿಯುತ್ತಾರೆ. ಕನ್ನಡದಲ್ಲಿ ಇದರ ಅಪಾಯವು ಹೆಚ್ಚು. "ನೀನೇ ಕದ್ದೆ, ಅಲ್ಲವೇ?" ಎಂದು ದಫೇದಾರನು ಗದರಿದರೆ ಎದುರಿಗಿರುವವನು "ಕದ್ದೆ" ಎಂದು ಪ್ರತಿಧ್ವನಿಸಿಯಾನು. ನಮ್ಮ ವ್ಯಾಕರಣದಲ್ಲಿ ನಾನು ಕದ್ದೆ, ನೀನು ಕದ್ದೆ ಎರಡಕ್ಕೂ ಕ್ರಿಯಾಪದವು ಒಂದೇ, ಪ್ರತಿಧ್ವನಿಯೇ ತಪ್ಪೊಪ್ಪಿಗೆಯಾಯಿತು! ಪೊಲೀಸರೆದುರಿನ ತಪ್ಪೊಪ್ಪಿಗೆಯು ರುಜುವಾತಿಗೆ ಸಲ್ಲದೆಂದು ಶಾಸನವಿರುವುದು ನಿಜ. ಆದರೆ ಅದನ್ನು ನಂಬಿ ನಡೆಯುವ ಬಂಧನಕ್ಕೆ ತಡೆ ಯಾವುದು?

ಬ್ರಿಟಿಷರು 1872ರಲ್ಲಿ ನಮ್ಮ ಮೇಲೆ ಹೊರಿಸಿದ ಸಾಕ್ಷ್ಯ ಶಾಸನವು ಆರೋಪಿಯ ನಡತೆಯನ್ನು ಪ್ರಸಕ್ತವೆಂದು ಎಣಿಸಿತು. ಸ್ವತಂತ್ರ ಭಾರತವು 2023ರಲ್ಲಿ ರಚಿಸಿದ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ವಿಧಿಯು ಹಾಗೆಯೇ ಉಳಿದಿದೆ. ಹೆಸರು ದೇಶೀಯವಾದರೆ ಸಾಲದು. ಸಾಕ್ಷಿಯ ಹಾವಭಾವಗಳನ್ನು ನ್ಯಾಯಾಧೀಶರು ಬರೆದಿಡುವ ಪದ್ಧತಿಯೂ ಹಳೆಯದೇ. ಆ ಟಿಪ್ಪಣಿಯನ್ನು ಬರೆಯುವವರಿಗೆ ಎದುರಿಗೆ ನಿಂತವನ ಸ್ಥಿತಿಯು ತಿಳಿಯದಿದ್ದರೆ, ಮೌನವು ಹಠವೆಂದೂ ತಗ್ಗಿದ ಕಣ್ಣು ಕಪಟವೆಂದೂ ದಾಖಲಾಗುವುದು.

ಶಾಸನದ ಕೊರತೆ ಇಲ್ಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಸ್ವಲೀನತೆಯನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಅದರ 12ನೆಯ ಕಲಮು, ಇಂಥವರ ಹೇಳಿಕೆಯನ್ನು ಅವರಿಗೆ ಒಗ್ಗುವ ಭಾಷೆಯಲ್ಲಿಯೂ ರೀತಿಯಲ್ಲಿಯೂ ದಾಖಲಿಸಿಕೊಳ್ಳಲು ಏರ್ಪಾಡಿರಬೇಕೆಂದು ವಿಧಿಸಿದೆ. ನಮ್ಮ ವಾಚಕರಲ್ಲಿ ಪೊಲೀಸ್ ಅಧಿಕಾರಿಗಳೂ ವಕೀಲರೂ ಅನೇಕರಿದ್ದಾರೆ. ಈ ಕಲಮನ್ನು ಅವರಲ್ಲಿ ಎಷ್ಟು ಮಂದಿ ಓದಿದ್ದಾರೆಂದು ಕೇಳಿದರೆ ಅವರು ಮುನಿಯಲಾಗದು.

ಸರ್ಕಾರದವರಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಬಂಧಿತನ ಹೆಸರು, ವಯಸ್ಸು, ತಂದೆಯ ಹೆಸರನ್ನು ಬರೆದುಕೊಳ್ಳುವಾಗಲೇ ಆತನಿಗೆ ಇಂತಹ ಸ್ಥಿತಿಯುಂಟೇ ಎಂದು ಮನೆಯವರನ್ನು ವಿಚಾರಿಸಿ ಬರೆಯತಕ್ಕದ್ದು. ಉಂಟೆಂದಾದರೆ, ಆತನನ್ನು ಬಲ್ಲವರೊಬ್ಬರು ಬಂದು ಪಕ್ಕದಲ್ಲಿ ಕುಳಿತುಕೊಳ್ಳುವ ತನಕ ಹೇಳಿಕೆಯನ್ನು ಪಡೆಯತಕ್ಕದ್ದಲ್ಲ. ಗೃಹ ಇಲಾಖೆಯ ಒಂದು ಸುತ್ತೋಲೆಯಿಂದ ಆಗಬಹುದಾದ ಕೆಲಸವಿದು. ಖಜಾನೆಗೆ ಕಾಗದದ ಖರ್ಚಿನ ಹೊರತು ಹೆಚ್ಚಿನ ಭಾರವೂ ಬೀಳದು.